ಶಾಂತಾ ಆಂಟಿ ತೆಗೆಯದ ಕುರ್ಚಿ

ಶಾಂತಾ ಆಂಟಿ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಕುರ್ಚಿ ಎಣಿಸುತ್ತಿದ್ದರು. ಒಂದು ಕಡಿಮೆ ಬಿದ್ದರೆ ತಾವೇ ಒಳಗಿನಿಂದ ಎಳೆದು ತರುತ್ತಿದ್ದರು. ಇನ್ನೂ ಬಾರದವರ ಜಾಗದಲ್ಲಿ ನಾವು ಕುಳಿತರೆ, "ಏಳಪಾ, ಅದು ಅವರದು. ಬರ್ತಾರ" ಎಂದು ಎಬ್ಬಿಸುತ್ತಿದ್ದರು.

ಧಾರವಾಡದ ಅವರು ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಗಣಿತದ ಮೇಷ್ಟರಾಗಿದ್ದ ಗಂಡನ ಜೊತೆ ಹೋಗಿ, ಆಫ್ರಿಕಾದ ದೇಶಗಳೆಲ್ಲ ಸೇರಿ ಕಟ್ಟಿಕೊಂಡ ಸಂಸ್ಥೆಯ ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಸಭೆಯಲ್ಲಿ ದೇಶಗಳ ಹೆಸರಿನ ಫಲಕ ಇಡುವುದು, ನಡಾವಳಿ ಟೈಪ್ ಮಾಡುವುದು ಅವರ ಕೆಲಸ. ನಿವೃತ್ತರಾಗಿ ಅಮೆರಿಕದ ಯೂಲೆಸ್ ಎಂಬ ಊರಿನಲ್ಲಿದ್ದ ಮಗನ ಅಪಾರ್ಟ್‌ಮೆಂಟಿಗೆ ಬಂದಿದ್ದರು. ನಾನು ಮೇಲಿನ ಮನೆಯ ವಿದ್ಯಾರ್ಥಿ.

"ಅಷ್ಟು ದೊಡ್ಡ ಸಂಸ್ಥೆ ಇದ್ದೂ ಇಥಿಯೋಪಿಯಾ, ಎರಿಟ್ರಿಯಾ ಹೊಡೆದಾಡ್ತಿವೆಯಲ್ಲ ಆಂಟಿ?" ಎಂದು ಒಮ್ಮೆ ಕೆಣಕಿದೆ.

"ನೀವು ನಾಲ್ಕು ಮಂದಿ ರೂಮ್‌ಮೇಟ್ಸ್, ಪಾತ್ರಿ ತೊಳಿಯೂ ಪಾಳಿ ಇನ್ನೂ ಬಗೀಹರದಿಲ್ಲ. ಅವು ಐವತ್ತರ ಮ್ಯಾಲೆ ದೇಶ, ತಮ್ಮಾ" ಎಂದರು. "ರಸ್ತೆದ್ದು, ಲಸಿಕಿದ್ದು, ಬರಗಾಲದ್ದು, ಎಲ್ಲಾ ಕಾಗದ ನಾ ಟೈಪ್ ಮಾಡೀನಿ. ಒಂದು ಮಾತಿಗೆ ಮೂರು ದಿನ ಕೂತದ್ದೂ ಅದ. ಸಿಟ್ಟಿಲೆ ಎದ್ದು ಹೋದವರ ಫಲಕ ಮಾತ್ರ ನಾವು ತಗೀತಿರಲಿಲ್ಲ. ತಿರುಗಿ ಬಂದಾಗ ಜಾಗಾ ಇರಬೇಕಲ್ಲ?"

ನಮ್ಮ ಕಟ್ಟಡದಲ್ಲೇ ಆ ಎರಡೂ ದೇಶದವರಿದ್ದರು. ಇಥಿಯೋಪಿಯಾದ ತೆಸ್ಫಾಯೆ, ಎರಿಟ್ರಿಯಾದ ಯೋನಾಸ್. ಇಬ್ಬರೂ ಟ್ಯಾಕ್ಸಿ ಓಡಿಸುವವರು, ಹಳೆಯ ಗೆಳೆಯರು. ಯುದ್ಧ ಶುರುವಾದಾಗಿನಿಂದ ಮಾತು ಬಿಟ್ಟಿದ್ದರು. ಒಂದು ಶನಿವಾರ ಮಧ್ಯಾಹ್ನ ಬಟ್ಟೆ ಒಗೆಯಲು ಕೆಳಗಿಳಿದ ನಾನು ಕಂಡದ್ದಿಷ್ಟು: ತೆಸ್ಫಾಯೆ ಸುಮಾರು ಹತ್ತು ಹೆಜ್ಜೆ ದೂರದಿಂದ ಕಲ್ಲೆಸೆದ. ಯೋನಾಸನ ಕಾರಿನ ಮುಂದಿನ ಗಾಜು ಒಡೆಯಿತು. ಹಿಂದಿನ ಸೀಟಿನಲ್ಲಿ ಯೋನಾಸನ ಪುಟ್ಟ ಮಗಳು ಮಲಗಿದ್ದಳು. ಅವಳಿಗೆ ಏನೂ ಆಗಲಿಲ್ಲ.

ಕಂಡದ್ದನ್ನು ಬರೆದುಕೊಡು ಎಂದ ಅಪಾರ್ಟ್‌ಮೆಂಟಿನ ಮ್ಯಾನೇಜರ್. ಕೊಟ್ಟರೆ ತೆಸ್ಫಾಯೆ ಸಂಸಾರ ಸಮೇತ ಮನೆ ಬಿಡಬೇಕು. ಆಂಟಿಯನ್ನು ಕೇಳಿದೆ.

"ಬರಿ. ಒಂದಕ್ಷರ ಬಿಡಬ್ಯಾಡ, ಒಂದಕ್ಷರ ಹಚ್ಚಬ್ಯಾಡ. ಆದ್ರ ಮೊದಲು ಅವರಿಬ್ಬರ ಮುಂದ ಓದು, ಆಮ್ಯಾಲೆ ಕೊಡು. ನಡಾವಳಿ ಅಂದ್ರ ಹಂಗ."

ಮರುದಿನ ಇಬ್ಬರನ್ನೂ ಮನೆಗೆ ಕರೆದರು. ತೆಸ್ಫಾಯೆ ಬಂದ. ಯೋನಾಸನ ಕುರ್ಚಿ ಒಂದು ಗಂಟೆ ಖಾಲಿಯಿತ್ತು. ಆಂಟಿ ಮೂರು ಸಲ ಚಹಾ ಬಿಸಿ ಮಾಡಿದರು.

"ಅವ್ವಾ, ಸಾಕು ಬಿಡು. ಅಂವ ಬರಂಗಿಲ್ಲ" ಎಂದ ಮಗ.

"ನೀ ಸುಮ್ಮ ಕೂಡು."

ಯೋನಾಸ್ ಬಂದ, ಯಾರ ಮುಖವನ್ನೂ ನೋಡದೆ ಕುಳಿತ. ನಾನು ಓದಿದೆ. ಹಿಂದಿನ ಸೀಟಿನ ಮಗುವಿನ ಸಾಲಿಗೆ ಬಂದಾಗ ತೆಸ್ಫಾಯೆ ತಲೆಯೆತ್ತಿದ.

"ಅವಳು ಒಳಗಿದ್ದಳಾ?"

ಅವನಿಗೆ ಅದು ಗೊತ್ತಿರಲಿಲ್ಲ. ಆ ಮಗು ಹುಟ್ಟುವಾಗ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದು ಅವನದೇ ಟ್ಯಾಕ್ಸಿ. ಅವನು, ಶನಿವಾರ ಬೆಳಿಗ್ಗೆ ಊರಿನಿಂದ ಫೋನ್ ಬಂದಿತ್ತು, ಗಡಿಯ ಯುದ್ಧದಲ್ಲಿ ನನ್ನ ತಮ್ಮ ಸತ್ತ, ಎಂದ.

"ನನಗೆ ಯಾರೂ ಹೇಳಲಿಲ್ಲ" ಎಂದ ಯೋನಾಸ್. ಆಮೇಲೆ ನನ್ನ ಕಡೆ ತಿರುಗಿ, "ಆ ಕಾಗದ ಕೊಡಬೇಡ. ಮ್ಯಾನೇಜರಿಗೆ ನಾನೇ ಹೇಳುತ್ತೇನೆ" ಎಂದ.

ಅಂದು ಅವರು ಕೈ ಕುಲುಕಲಿಲ್ಲ. ತೆಸ್ಫಾಯೆ ಗಾಜು ಹಾಕಿಸಿಕೊಟ್ಟ. ಎದುರಾದರೆ ತಲೆಯಾಡಿಸುವಷ್ಟಾಯಿತು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಎರಡು ದೇಶಗಳೂ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಆಂಟಿ, "ಇಲ್ಲಿ ಕುಂತು ಏನ್ ಮಾಡ್ಲಿ? ನನ್ನ ಗೆಳತ್ಯಾರೆಲ್ಲಾ ಅಲ್ಲೇ ಇದ್ದಾರ" ಎಂದು ಆಡಿಸ್ ಅಬಾಬಾಕ್ಕೆ ಹೊರಟರು. ಆ ಬೆಳಿಗ್ಗೆ ಕರೆಯದೆಯೇ ಎರಡು ಟ್ಯಾಕ್ಸಿ ಬಂದು ನಿಂತವು.

"ಏನ್ ತಮ್ಮಾ, ನಾ ಅರ್ಧ ಅರ್ಧ ಹೋಗ್ಲೇನು?" ಎಂದು ನಕ್ಕು, ಸೂಟ್‌ಕೇಸುಗಳ ಜೊತೆ ನನ್ನನ್ನು ತೆಸ್ಫಾಯೆಯ ಕಾರಿಗೆ ಹತ್ತಿಸಿ, ತಾವು ಯೋನಾಸನ ಕಾರಿನಲ್ಲಿ ಕುಳಿತರು.

ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿದ ಆಂಟಿ ತಿರುಗಿ ನೋಡಲಿಲ್ಲ. ಅವರನ್ನು ನಾನು ಕಂಡದ್ದು ಅದೇ ಕೊನೆ. ಈಗ ನನ್ನನ್ನು ಮನೆಗೆ ಬಿಡುವವರು ಯಾರು ಎಂದು ಇಬ್ಬರೂ ವಾದಕ್ಕಿಳಿದರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮ್ಮಿಬ್ಬರಿಗೂ ಬರುವ ಭಾಷೆಯಲ್ಲಿ, ಕೈ ಬೀಸಿಕೊಂಡು. ಮಾತು ಬೇಗನೆ ನನ್ನನ್ನು ಬಿಟ್ಟು ಬೇರೆಲ್ಲಿಗೋ ಹೋಯಿತು. ಯೋನಾಸ್ ಏನೋ ಕೇಳಿದ. ತೆಸ್ಫಾಯೆ ಕಣ್ಣೊರೆಸಿಕೊಂಡು ಉತ್ತರಿಸಿದ. ಆಮೇಲೆ ಇಬ್ಬರೂ ನಕ್ಕರು. ನನಗೆ ಆ ಮಾತಿನ ಒಂದು ಪದವೂ ತಿಳಿಯಲಿಲ್ಲ. ಹತ್ತು ಗಂಟೆಯ ಕ್ಲಾಸು ತಪ್ಪುತ್ತಿತ್ತು. ಆದರೂ ನಾನು ಅವರನ್ನು ತಡೆಯದೆ ನಿಂತೇ ಇದ್ದೆ.