ತೊಳೆದಿಟ್ಟ ಬೆಡ್‌ಪ್ಯಾನು

ಕನ್ನಡ ಎಂ.ಎ. ಮುಗಿಸಿದ ನಾನು ಕೋಲಾರದ ಆಸ್ಪತ್ರೆಯಲ್ಲಿ ವಾರ್ಡಿನ ಜವಾನನಾಗಿ ಸೇರಿದ್ದನ್ನು ಯಾರೂ ನಂಬಲಿಲ್ಲ. ರೋಗಿಗಳ ಸೇವೆಯೇ ನನ್ನ ವೃತ್ತಿಯಾಗಬೇಕೆಂಬ ಹಂಬಲ ನಿಜವಾದದ್ದೇ. ಆದರೆ ಅದು ಕ್ವಿಟ್ ಇಂಡಿಯಾ ಚಳವಳಿಯ ಕಾಲ. ಲಾಠಿಯೇಟು ತಿಂದವರು ನಮ್ಮ ವಾರ್ಡಿನಲ್ಲೇ ಮಲಗಿದ್ದರು. ನಾನು ಪೊಲೀಸರ ಕಡೆಯ ಗುಪ್ತಚರನೆಂದು ಹಿರಿಯ ಜವಾನ ಮುನಿಶಾಮಪ್ಪನವರು ತೀರ್ಮಾನಿಸಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನನ್ನ ಕೆಲಸ ಖಾಯಮಾಗುವುದೋ ಇಲ್ಲವೋ ಎಂಬುದು ಅವರ ಒಂದು ಮಾತಿನ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ, ಶ್ರೀನಿವಾಸಪುರದಿಂದ ಬಂದಿದ್ದ ರಕ್ತಭೇದಿಯ ಮುದುಕರೊಬ್ಬರ ಮಂಚದ ಕೆಳಗೆ ಮುಚ್ಚಿಟ್ಟಿದ್ದ ಬೆಡ್‌ಪ್ಯಾನು ಕಂಡಿತು. ಇಷ್ಟು ಹೊತ್ತಾದರೂ ಯಾರೂ ತೆಗೆದಿಲ್ಲವಲ್ಲ ಎಂದು ನೊಂದು, ಬೂದಿ ಹಾಕಿ ಬೆಳಗಿ ಅಲ್ಲಿಯೇ ಇಟ್ಟೆ.

ಡಾಕ್ಟರು ಬಂದು ಮುಚ್ಚಳ ತೆಗೆದರು. "ಎಲ್ಲಿ? ನಾನು ನೋಡಬೇಕು ಅಂತಲೇ ಇಡಿಸಿದ್ದೆನಲ್ಲ!"

"ನಾನೇ ತೊಳೆದೆ, ಸಾರ್."

ಮಲಗಿದ್ದಲ್ಲಿಂದಲೇ ಮುದುಕರು ಸಮಾಧಾನ ಹೇಳಿದರು: "ಬೈಬೇಡಿ ಸ್ವಾಮಿ, ಇನ್ನೊಂದು ಗಳಿಗೇಲಿ ಮತ್ತೆ ಕೊಡ್ತೀನಿ."

"ಮುನಿಶಾಮಪ್ಪ, ಇವನನ್ನ ಇಟ್ಟುಕೊಳ್ಳೋದಾ?" ಎಂದರು ಡಾಕ್ಟರು.

ಮುನಿಶಾಮಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊದಲ ಬಾರಿಗೆ ನಕ್ಕರು. "ಇರ್ಲಿ ಬಿಡಿ ಸಾರ್. ಇವ್ನು ಸಿಐಡಿ ಅಂದ್ಕೊಂಡಿದ್ದೆ. ಕೈಗೆ ಸಿಕ್ಕಿದ ಸಾಕ್ಷೀನ ಬೂದಿ ಹಾಕಿ ತೊಳೆಯೋನು ಎಲ್ಲಾದ್ರೂ ಪೊಲೀಸ್ ಆಗ್ತಾನಾ? ಕೆಲಸ ನಾನು ಕಲಿಸ್ತೀನಿ."

ಹೀಗೆ, ನನ್ನ ಪದವಿ ಹುಟ್ಟಿಸಿದ ಸಂಶಯವನ್ನು ನನ್ನ ಅಜ್ಞಾನ ನಿವಾರಿಸಿತು. ಮರುವರ್ಷ ಬಿ.ಎ. ಓದಿದವನೊಬ್ಬ ಜವಾನನ ಕೆಲಸ ಕೇಳಿಕೊಂಡು ಬಂದಾಗ, ಮುನಿಶಾಮಪ್ಪನವರಿಗಿಂತ ಮೊದಲು ನನಗೇ ಅನುಮಾನ ಬಂದಿತು.