ರೋಟಾವೇಟರ್ ನೇಗಿಲೋ ಅಲ್ಲವೋ

ನಮ್ಮ ಹಳೆಯ ಟ್ರ್ಯಾಕ್ಟರ್ ಮುಂಬೈಗೆ ಹೇಳಿ ಮಾಡಿಸಿದ ಪ್ರಾಣಿಯಾಗಿರಲಿಲ್ಲ. ವಿಜಯಪುರದ ಎರೆಹೊಲದಲ್ಲಿ ಎದುರಿಗೆ ಅಡ್ಡಿಯಿಲ್ಲದೆ ಓಡಬೇಕಾದ ಗಾತ್ರ ಅದರದು. ನಮ್ಮ ಜಾಗವೋ ಗೋರೆಗಾಂವ್ ಪೂರ್ವದಲ್ಲಿ ಗುಡ್ಡದ ಬುಡಕ್ಕೆ, ಎರಡು ಹೌಸಿಂಗ್ ಸೊಸೈಟಿಗಳ ಕಂಪೌಂಡ್ ಗೋಡೆಗಳ ನಡುವೆ ಸಿಕ್ಕಿಕೊಂಡದ್ದು. ಮುಂದಿನ ಅರ್ಧದಲ್ಲಿ ಹೂಗಿಡಗಳ ನರ್ಸರಿ, ಹಿಂದಿನ ಅರ್ಧದಲ್ಲಿ ಮೆಂತ್ಯ, ಪಾಲಕ, ಕೊತ್ತಂಬರಿಯ ಮಡಿಗಳು. ಅಲ್ಲಿ ಆ ಟ್ರ್ಯಾಕ್ಟರ್ ಒಮ್ಮೆ ತಿರುಗಬೇಕೆಂದರೆ ಗುಲಾಬಿ ಕುಂಡಗಳನ್ನೆಲ್ಲ ಎತ್ತಿಡಬೇಕು, ನೀರಿನ ಪೈಪು ಸುತ್ತಿಡಬೇಕು, ಪಕ್ಕದ ಬಿಲ್ಡಿಂಗಿನ ವಾಚ್‌ಮನ್‌ಗೆ ಕೈಮುಗಿದು ಗೇಟಿನ ಹತ್ತಿರದ ಕಾರು ತೆಗೆಸಬೇಕು. ಇಷ್ಟೆಲ್ಲ ಮಾಡಿದರೂ ಅದು ಯಾವುದಾದರೂ ಒಂದು ಮೂಲೆ ಮುರಿಯದೆ ಹೊರಗೆ ಬಂದದ್ದು ನನಗೆ ನೆನಪಿಲ್ಲ. ಅದನ್ನು ಆರಿಸಿ ತಂದವನು ನಾನೇ ಆದ್ದರಿಂದ ಮನೆಯಲ್ಲಿ ಬೇರೆ ಯಾರೂ ಅದನ್ನು ಬೈಯುವಂತಿರಲಿಲ್ಲ. ಬೈಯುವ ಹಕ್ಕನ್ನು ನಾನೊಬ್ಬನೇ ಇಟ್ಟುಕೊಂಡಿದ್ದೆ.

ನಾನು ಹಗಲೆಲ್ಲ ಹೊರಗೆ ಇರುವವನು. ಸೊಸೈಟಿಗಳ ಲಾನ್ ನೋಡಿಕೊಳ್ಳುವುದು, ಗ್ರಾಂಟ್ ರೋಡಿನ ಹೋಟೆಲುಗಳ ಬಾಗಿಲಲ್ಲಿ ಕುಂಡ ಬದಲಿಸುವುದು ನನ್ನ ಕೆಲಸ. ನರ್ಸರಿಯನ್ನೂ ಮಡಿಗಳನ್ನೂ ನಡೆಸುವವಳು ನನ್ನ ಹೆಂಡತಿ. ಆ ದೊಡ್ಡ ಟ್ರ್ಯಾಕ್ಟರಿನ ಕ್ಲಚ್ ಒತ್ತಬೇಕೆಂದರೆ ಅವಳು ಸೀಟು ಬಿಟ್ಟು ಎದ್ದು ನಿಲ್ಲಬೇಕಾಗುತ್ತಿತ್ತು. ಹಾಗಾಗಿ ಮಣ್ಣು ಹದ ಮಾಡಬೇಕಾದಾಗಲೆಲ್ಲ ಒಬ್ಬ ಡ್ರೈವರನ ದಾರಿ ಕಾಯುವುದಿತ್ತು. ಅವನು ಶೂಟಿಂಗ್ ಸೆಟ್ಟುಗಳಿಗೆ ಮಣ್ಣು ಸಾಗಿಸುವವನು. ಅಲ್ಲಿ ಕೆಲಸವಿಲ್ಲದ ದಿನ ಇಲ್ಲಿಗೆ ಬರುತ್ತಿದ್ದ. "ಕಲ್ ಪಕ್ಕಾ, ಭಾಭಿ," ಎನ್ನುವುದು ಅವನ ಖಾಯಂ ಉತ್ತರ. ಹಳೆಯದನ್ನು ಮಾರುವ ಹಿಂದಿನ ವರ್ಷ ಅವನ ಆ 'ಕಲ್', ಆ ನಾಳೆ, ಬರುವಷ್ಟರಲ್ಲಿ ಮಣ್ಣಿನ ಹದವೇ ಆರಿಹೋಗಿ, ದಸರೆಯ ನಂತರದ ಮೊದಲ ಮೆಂತ್ಯ ತಪ್ಪಿಹೋಗಿತ್ತು. ಸ್ಟೇಷನ್ ಹೊರಗೆ ಸೊಪ್ಪು ಮಾರುವವರು ಬೇರೆ ಕಡೆಯಿಂದ ತರಿಸಿಕೊಂಡರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಖಾಲಿ ಮಡಿಯ ಬದುವಿನ ಮೇಲೆ ಕುಳಿತು ನನಗೆ ಹೇಳಿದಳು:

"ಅಹೋ, ಮುಂದಿನ ಸಾರಿ ನಾನು ಯಾರದೂ ವೇಟ್ ಮಾಡಲ್ಲ ಹಾಂ. ನನಗೆ ನಾನೇ ಚಲಾಯಿಸೋ ಟ್ರ್ಯಾಕ್ಟರ್ ಪಾಹಿಜೆ."

ಅವಳು ಹುಟ್ಟಿ ಬೆಳೆದದ್ದು ಮುಂಬೈಯದೇ ಆಂಟಾಪ್ ಹಿಲ್‌ನಲ್ಲಿ. ಅಪ್ಪನ ಊರು ಧಾರವಾಡದ ಕಡೆ ಎಂದು ಗೊತ್ತು, ನೋಡಿದ್ದು ಮದುವೆ ಮುಂಜಿಗಳಲ್ಲಿ ಮಾತ್ರ. ಅವಳ ಕನ್ನಡದೊಳಗೆ ಮರಾಠಿ, ಹಿಂದಿ ಎರಡೂ ಹೇಳದೆ ಕೇಳದೆ ಬಂದು ಕೂರುತ್ತವೆ. ಆದರೆ ಅವಳು 'ಪಾಹಿಜೆ' ಎಂದರೆ ಬೇಕು ಎಂದೇ ಅರ್ಥ, ಅದರಲ್ಲಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಆ ಸಂಜೆ ಅವಳ ಮೇಲೆ ನನಗೆ ಬಂದ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದರೆ ನಕ್ಕಾಳು ಎಂದು ಸುಮ್ಮನಿದ್ದೆ.

ಭಿವಂಡಿ ಕಡೆಯ ಒಂದು ಶೋರೂಮಿಗೆ ಹೋದೆವು. ಸಾಲಾಗಿ ನಿಂತ ದೊಡ್ಡ ಟ್ರ್ಯಾಕ್ಟರುಗಳ ಕೊನೆಯಲ್ಲಿ ಒಂದು ಸಣ್ಣದು ನಿಂತಿತ್ತು. ತಗ್ಗು ಸೀಟು, ಕಿರಿದಾದ ಮೈ, ನಮ್ಮ ಮಡಿಗಳ ನಡುವೆ ಆರಾಮಾಗಿ ನುಸುಳುವಂಥದು. ಅವಳು ಚೂಡಿದಾರದ ವೇಲ್ ಸೊಂಟಕ್ಕೆ ಬಿಗಿದು ಹತ್ತಿ ಕುಳಿತಳು. ಎರಡೂ ಪಾದ ಪೆಡಲಿಗೆ ಪೂರ್ತಿ ಊರಿದವು. ಅಷ್ಟೇ, ಅವಳ ಮಟ್ಟಿಗೆ ವ್ಯಾಪಾರ ಮುಗಿಯಿತು. ನನಗೆ ಮಾತ್ರ ಅದರ ಹಿಂದೆ ಜೋಡಿಸುವ ಸಲಕರಣೆಗಳ ಮೋಹ ಹತ್ತಿತು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾನು ಒಂದೊಂದನ್ನೂ ಮುಟ್ಟಿ, ಬಡಿದು, ಅದೂ ಇರಲಿ ಇದೂ ಇರಲಿ ಎಂದೆ. ಕೊನೆಗೆ ಒಂದು ಟ್ರಾಲಿ, ಹುಲ್ಲು ಕತ್ತರಿಸುವ ಯಂತ್ರ, ಮಣ್ಣು ಸಮ ಮಾಡುವ ಲೆವೆಲರ್, ಮಣ್ಣನ್ನು ಪುಡಿ ಮಾಡುವ ರೋಟಾವೇಟರ್ ಬಂದವು. ಹಳೆಯದನ್ನು ಶೋರೂಮಿನವರೇ ಲಾರಿಗೆ ಹತ್ತಿಸಿಕೊಂಡು ಹೋದರು. ಗೇಟು ದಾಟುವಾಗ ಅದು ಕೊನೆಯ ಸಲ ಒಂದು ಕುಂಡ ಒಡೆಯಿತು.

ಹೊಸ ಟ್ರ್ಯಾಕ್ಟರ್ ಬಂದದ್ದು ಖಂಡೇ ಪೂಜೆಯ ಹಿಂದಿನ ದಿನ. ಮಹಾನವಮಿಗೆ ಮನೆಯ ಹತಾರಗಳನ್ನೆಲ್ಲ ತೊಳೆದು ಪೂಜಿಸುವ ಈ ಹಬ್ಬದಲ್ಲಿ ನಮ್ಮವ್ವನ ಮಾತಿಗೆ ಎದುರಿಲ್ಲ. ಅವ್ವ ಹರೆಯದಲ್ಲಿ ಅಪ್ಪನ ಜೊತೆ ವಿಜಯಪುರದ ಹಳ್ಳಿಯಿಂದ ಕಟ್ಟಡ ಕೆಲಸಕ್ಕೆ ಬಂದವಳು. ಈಗ ನಮ್ಮ ಮಡಿಗಳ ಆಚೆ ನಿಂತ ಬಿಲ್ಡಿಂಗುಗಳಲ್ಲಿ ಯಾವುದಕ್ಕೆ ಇಟ್ಟಿಗೆ ಹೊತ್ತೆ ಎಂದು ಬೆರಳು ಮಾಡಿ ತೋರಿಸುತ್ತಾಳೆ. ಅಪ್ಪ ಹೋದ ಮೇಲೆ ಅವಳು ನೆಲಕ್ಕೇ ಹಿಂತಿರುಗಿದಳು. ಹಿಂದಿನ ಮೂಲೆಯ ಕೊತ್ತಂಬರಿ ಮಡಿ ಅವಳದು, ಅಲ್ಲಿ ಬೇರೆಯವರು ಕೈ ಹಾಕುವಂತಿಲ್ಲ. ಸೊಸೆಯನ್ನು ಬೈಯುವುದೂ ಉಣ್ಣಿಸುವುದೂ ಎರಡೂ ಅವಳಿಗೆ ದಿನನಿತ್ಯದ ಕೆಲಸ.

ಪೂಜೆಯ ಬೆಳಿಗ್ಗೆ ಟ್ರ್ಯಾಕ್ಟರಿಗೆ ನಮ್ಮದೇ ಚೆಂಡು ಹೂವಿನ ಮಾಲೆ ಹಾಕಿ, ಸಲಕರಣೆಗಳನ್ನು ಸಾಲಾಗಿ ಇಟ್ಟೆವು. ಅವ್ವ ವಿಭೂತಿ, ಕುಂಕುಮದ ತಟ್ಟೆ ಹಿಡಿದು ಒಂದೊಂದರ ಮುಂದೆ ನಿಂತು ವಿಚಾರಿಸತೊಡಗಿದಳು. ಹೆಸರು ಕೇಳುತ್ತಿರಲಿಲ್ಲ, ಕೆಲಸ ಕೇಳುತ್ತಿದ್ದಳು. ಸೊಸೆ ಇವುಗಳನ್ನು ಓಡಿಸುವವಳೆಂದು ಗೊತ್ತಿದ್ದರಿಂದ ಪ್ರತಿಯೊಂದಕ್ಕೂ ಅಪ್ಪಣೆ ಕೊಡುತ್ತ ನಡೆದಳು.

ಟ್ರಾಲಿ ನೋಡಿ, "ಇದು ಚಕ್ಕಡಿ. ನಮ್ಮ ಅತ್ತಿ ಎತ್ತಿನ ಚಕ್ಕಡಿ ಹೊಡಕೊಂಡ ಸಂತಿಗಿ ಹೋಗತಿದ್ಲು. ಹೊಡಿ," ಎಂದಳು. ಹುಲ್ಲಿನ ಯಂತ್ರ ಕುಡುಗೋಲಾಯಿತು, ಅದು ಹೆಣ್ಣುಮಕ್ಕಳದೇ. ಲೆವೆಲರ್ ಕೊರಡಾಯಿತು, ಅದಕ್ಕೂ ಅಡ್ಡಿಯಿಲ್ಲ. ರೋಟಾವೇಟರ್ ಮುಂದೆ ಕುಂಕುಮದ ಬೆರಳು ಅರ್ಧಕ್ಕೆ ನಿಂತಿತು.

"ಇದೇನ ಮಾಡತೈತಿ?"

"ಮಣ್ಣು ಸಡಿಲ ಮಾಡ್ತದೆ ಅತ್ತಿ. ಬಿತ್ತೋದಕ್ಕಿಂತ ಮುಂಚೆ," ಎಂದಳು ಹೆಂಡತಿ.

"ಅಂದ್ರ ಇದು ನೇಗಲಾ. ಇದನ್ನ ನೀ ಹೊಡ್ಯಾಂಗಿಲ್ಲ. ಹೆಣಮಕ್ಕಳು ನೇಗಲಾ ಹಿಡದ್ರ ಮಳಿ ಹೊಕ್ಕೈತಿ."

"ಮಳಿ ಹ್ವಾದ್ರ ಚಲೋ ಆತಲ್ಲಬೇ, ಲೋಕಲ್ ರೈಲುಗಳಾದ್ರೂ ಟೈಮಿಗಿ ಬರತಾವು," ಎಂದು ನಾನು ನಕ್ಕೆ. ನನ್ನ ಜೊತೆ ಯಾರೂ ನಗಲಿಲ್ಲ.

ನಮ್ಮ ಕಡೆ ಇದು ಹಳೆಯ ಕಟ್ಟು. ಹೆಣ್ಣು ಬಿತ್ತಬಹುದು, ಕಳೆ ಕೀಳಬಹುದು, ಕೊಯ್ಯಬಹುದು, ಹೊರೆ ಹೊರಬಹುದು. ನೇಗಿಲ ಹಿಡಿ ಮಾತ್ರ ಮುಟ್ಟುವಂತಿಲ್ಲ. ಮುಂಬೈಗೆ ಬಂದು ಇಷ್ಟು ಕಾಲವಾದರೂ ಅವ್ವನ ಪಾಲಿಗೆ ಮಳೆ ಎಂದರೆ ಆ ಹಳ್ಳಿಯ ಮಳೆಯೇ. ಇಲ್ಲಿ ಅದು ಹಳಿ ಮುಳುಗಿಸಿ, ಗೋಡೆಗೆ ಬೂಸು ಹಿಡಿಸಿ, ನಾಲ್ಕು ತಿಂಗಳು ಬಟ್ಟೆ ಒಣಗಗೊಡದಿದ್ದರೂ ಅದರ ಮೇಲೆ ಅವಳಿಗೆ ಮುನಿಸಿಲ್ಲ.

ಪೂಜೆ ಮುಗಿದ ಮೇಲೆ, ಒಳಗೆ ಹೋಳಿಗೆ ಲಟ್ಟಿಸುತ್ತಿದ್ದ ಹೆಂಡತಿಯ ಹತ್ತಿರ ಹೋಗಿ ಪಿಸುಗುಟ್ಟಿದೆ. "ಅವ್ವ ಮಧ್ಯಾಹ್ನ ಮಲಗ್ತಾಳಲ್ಲ, ಆವಾಗ ಹೊಡೆದುಬಿಡು."

ಅವಳು ಲಟ್ಟಣಿಗೆ ನಿಲ್ಲಿಸಿದಳು. "ಚೋರಿ ಮಾಡ್ಕೊಂಡು ನಾನು ಕೂರಲ್ಲ. ಅತ್ತಿ ಹಾಂ ಅಂದ್ರೇನೇ ಕೂರೋದು. ಆದ್ರೆ ಅದು ಇಲ್ದೆ ಬಾಕಿ ಎಲ್ಲ ಇದ್ದು ಏನುಪಯೋಗ? ಮತ್ತೆ ಆ ಕಲ್ ಪಕ್ಕಾನೇ ಕಾಯಬೇಕಾ?"

ಅವಳ ಕಣ್ಣು ತುಂಬಿತ್ತು. ಮಡಿ ಖಾಲಿ ಉಳಿದ ವರ್ಷವೂ ತುಂಬದ ಕಣ್ಣು. ಅಡಕತ್ತಿನಲ್ಲಿ ಸಿಕ್ಕ ಅಡಿಕೆಯಂತೆ ನಾನು ಅತ್ತ ಅವ್ವನನ್ನೂ ಇತ್ತ ಇವಳನ್ನೂ ನೋಡುತ್ತ ಎರಡು ಹೋಳಿಗೆ ತಿಂದು ಹೊರಗೆ ಬಂದೆ.

ದಸರೆ ಮುಗಿಯಿತು. ಬನ್ನಿ ಕೊಟ್ಟು ಎಲ್ಲರ ಕಾಲಿಗೆ ಬಿದ್ದದ್ದಾಯಿತು. ಹಿಂದೆಯೇ ಮಣ್ಣು ಹದಕ್ಕೆ ಬಂತು. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗುತ್ತದೆ, ಬಿಟ್ಟರೆ ಒಡೆಯುತ್ತದೆ. ಇನ್ನು ತಡಮಾಡಿದರೆ ಮೆಂತ್ಯ ಮತ್ತೆ ತಪ್ಪುತ್ತಿತ್ತು. ಡ್ರೈವರನಿಗೆ ಫೋನು ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಗಂಡಸು ನಾನಿದ್ದೇನಲ್ಲ, ನಾನೇ ಹೊಡೆಯುತ್ತೇನೆ ಎಂದು ರಜೆ ಹಾಕಿದೆ. ಶೋರೂಮಿನವನು ಬಂದು ಪಾಠ ಹೇಳಿಕೊಟ್ಟಾಗ ಕೇಳಿಸಿಕೊಂಡವಳು ಹೆಂಡತಿ. ನಾನು ಅವಳ ಫೋಟೋ ತೆಗೆಯುತ್ತಿದ್ದೆ.

ಮೊದಲ ಸಾಲು ಚೆನ್ನಾಗಿಯೇ ಹೋಯಿತು, ಅದೇ ಅನರ್ಥಕ್ಕೆ ಕಾರಣವಾಯಿತು. ಧೈರ್ಯ ಬಂದು ವೇಗ ಹೆಚ್ಚಿಸಿದೆ. ಮೂಲೆಯಲ್ಲಿ ತಿರುಗುವ ಮುಂಚೆ ರೋಟಾವೇಟರನ್ನು ನೆಲದಿಂದ ಮೇಲೆತ್ತಬೇಕು, ಅದಕ್ಕೊಂದು ಲೀವರ್ ಇದೆ. ಅದು ಬಲಗಡೆ ಇದೆಯೋ ಎಡಗಡೆಯೋ ಎಂದು ನಾನು ಹುಡುಕುವಷ್ಟರಲ್ಲಿ ಟ್ರ್ಯಾಕ್ಟರ್ ಬದು ದಾಟಿತು. ಹಿಂದಿನಿಂದ ಹೆಂಡತಿ "ಲೀವರ್! ಅಹೋ, ಲೀವರ್!" ಎಂದು ಚೀರುತ್ತಿದ್ದಳು. ಗಾಡಿ ನಿಂತಾಗ ಗಾಳಿಯ ತುಂಬ ಕೊತ್ತಂಬರಿಯ ಘಮ. ಅವ್ವನ ಮಡಿಯಲ್ಲಿ ಮುಕ್ಕಾಲು ಭಾಗ ಚಟ್ನಿಯಾಗಿ ಮಣ್ಣಿನಲ್ಲಿ ಬೆರೆತು ಬಿದ್ದಿತ್ತು.

ಅವ್ವ ಸೆರಗು ಸಿಗಿಸಿಕೊಂಡು ಬಂದಳು. ಬಗ್ಗಿ ಒಂದು ಹಿಡಿ ಎತ್ತಿ ನನ್ನ ಮೂಗಿನ ಕೆಳಗೆ ಹಿಡಿದಳು.

"ನಾಳಿ ಕೊಯ್ಯಾಕಿದ್ನಿ ಇದನ್ನ. ಇಳಿ ಕೆಳಗ, ಮೂಳ."

ಇಳಿದೆ. ಮೂರು ಮಕ್ಕಳ ತಂದೆಗೆ ಇರಬೇಕಾದ ಮರ್ಯಾದೆ ನನಗೆ ಆ ಹೊತ್ತಿನಲ್ಲಿ ಎಲ್ಲೂ ಸಿಗಲಿಲ್ಲ. ಹೆಂಡತಿ ಹತ್ತಿರ ಬಂದು, ನಾನು ಹುಡುಕುತ್ತಿದ್ದ ಲೀವರನ್ನು ನೆಲದಲ್ಲಿ ನಿಂತೇ ಎಳೆದಳು. ರೋಟಾವೇಟರ್ ಮೆಲ್ಲಗೆ ಮೇಲೆದ್ದಿತು. ಆಮೇಲೆ ಅವಳು ಎಂಜಿನ್ ಆರಿಸಿದಳು. ಅವ್ವ ಯಂತ್ರದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಅದರ ಹೊಟ್ಟೆಯೊಳಗೆ ಬಗ್ಗಿ ನೋಡಿದಳು. ಅಲ್ಲಿ ಅಡ್ಡಗಂಬಿಯ ಸುತ್ತ ಬಾಗಿದ ಬ್ಲೇಡುಗಳು ಸುತ್ತುಸುತ್ತಾಗಿ ಕೂತಿದ್ದವು, ಸಂದಿಯಲ್ಲೆಲ್ಲ ಅವಳದೇ ಸೊಪ್ಪು. ಅವಳು ಒಂದು ಬ್ಲೇಡನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಎಳಿಯೂದಿಲ್ಲ ಏನು? ತಿರಗತೈತಿ?" ಎಂದು ಕೇಳಿದಳು ಸೊಸೆಯನ್ನು.

"ಹೌದು ಅತ್ತಿ. ಗೋಲ್ ಗೋಲ್ ತಿರುಗ್ತದೆ."

"ಮದ್ಲ ಹೇಳಬಾರದೇನ ಅದನ್ನ?" ಅವ್ವ ಮೊಣಕಾಲು ಹಿಡಿದು ಎದ್ದಳು. "ನೇಗಲಾ ಅಂದ್ರ ಅದಕ್ಕ ಒಂದ ಹಲ್ಲ. ನೆಲಾ ಸೀಳಕೋತ ನೆಟ್ಟಗ ಹೊಕ್ಕೈತಿ. ಇದಕ್ಕ ನೋಡಿದ್ರ ಬಾಯಿ ತುಂಬ ಹಲ್ಲ, ಮತ್ತ ನಿಂತಲ್ಲೆ ತಿರಗತೈತಿ. ತಿರುಗೂದು ಯಾವುದು? ಬೀಸುಕಲ್ಲು, ಕಡಗೋಲು. ಅವು ಗಂಡಸರ ಕೈಯಾಗ ಎಂದ ಇದ್ವು? ಇದು ನೇಗಲಾ ಅಲ್ಲವ್ವಾ. ಇದು ನಮ್ಮದು. ಹತ್ತು ನೀ."

ಅವ್ವ ಒಂದು ಬ್ಲೇಡಿನ ಸೊಪ್ಪು ತೆಗೆದು, ಹಬ್ಬದ ದಿನ ನಿಂತುಹೋಗಿದ್ದ ಕುಂಕುಮವನ್ನು ಸೊಸೆಯ ಹಣೆಯಿಂದಲೇ ತುಸು ತೆಗೆದು ಹಚ್ಚಿದಳು. ಆ ತೀರ್ಮಾನ ಹಳೆಯ ಕಟ್ಟುಪಾಡಿಗೆ ಸರಿಯೋ ತಪ್ಪೋ ನನಗೆ ತಿಳಿಯದು. ಕೊತ್ತಂಬರಿ ಹೋದ ಸಿಟ್ಟಿನಲ್ಲಿ ಹುಟ್ಟಿದ ನ್ಯಾಯವೂ ಇರಬಹುದು. ಅವ್ವನನ್ನು ಎತ್ತಿ ಕುಣಿಯಬೇಕೆನ್ನಿಸಿತು, ಆದರೆ ಅವಳ ಕೈಯಲ್ಲಿ ಇನ್ನೂ ಮಣ್ಣಿನ ಹೆಂಟೆ ಇತ್ತು.

ಹೆಂಡತಿ ಚಪ್ಪಲಿ ಬಿಟ್ಟು ಟ್ರ್ಯಾಕ್ಟರಿಗೆ ನಮಸ್ಕರಿಸಿ ಹತ್ತಿದಳು. ನನ್ನ ಸೊಟ್ಟ ಸಾಲಿನ ಪಕ್ಕ ಅವಳ ಸಾಲು ನೆಟ್ಟಗೆ ಹೋಯಿತು. ಮೂಲೆ ಬಂದಾಗ ನಿಧಾನಿಸಿ, ಎತ್ತಿ, ತಿರುಗಿಸಿ, ಇಳಿಸಿದಳು. ಹಿಂದೆ ಮಣ್ಣು ರವೆಯಂತೆ ಉದುರುತ್ತಿತ್ತು. ಗೋಡೆಯಾಚೆಯ ಬಿಲ್ಡಿಂಗಿನ ಗ್ಯಾಲರಿಗಳಲ್ಲಿ ಬಟ್ಟೆ ಹಾಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ವಾಚ್‌ಮನ್ ಕುರ್ಚಿ ತಂದು ಹಾಕಿಕೊಂಡ.

ಬೀಜ ಚೆಲ್ಲಲು ಆಳು ಬೇಕೆಂದು ನಾನು ಸುತ್ತ ನೋಡುವಷ್ಟರಲ್ಲಿ ಅವ್ವ ಮೆಂತ್ಯದ ಚೀಲ ಬಿಚ್ಚಿ ಉಡಿಗೆ ಸುರಿದುಕೊಂಡಿದ್ದಳು. ಬೇಡ ಎಂದರೆ ಕೇಳುವವಳಲ್ಲ. ಯಂತ್ರದಿಂದ ದೂರ, ಹಿಂದೆ ಹಿಂದೆ, ಬರಿಗಾಲಲ್ಲಿ ನಡೆಯುತ್ತ, ಹಿಡಿ ಹಿಡಿಯಾಗಿ ಕಾಳು ಚೆಲ್ಲತೊಡಗಿದಳು. ಅವಳ ತೋಳು ಬೀಸುವ ಹದ ಅವತ್ತಿಗೂ ಕೆಟ್ಟಿರಲಿಲ್ಲ. ಟ್ರ್ಯಾಕ್ಟರ್ ಮಾತ್ರ ಸ್ವಲ್ಪ ಹೋಗುವುದು, ನಿಲ್ಲುವುದು. ಪ್ರತಿ ಸಲ ಹೆಂಡತಿ ಸೀಟಿನಲ್ಲೇ ಹೊರಳಿ ಹಿಂದೆ ನೋಡುತ್ತಿದ್ದಳು.

ಅವ್ವ ಕೊನೆಗೆ ಕೂಗಿದಳು. "ಯಾಕ ಘಡಿಘಡಿ ಹಿಂದ ನೋಡತಿ? ನಾ ಏನ ಓಡಿ ಹೊಕ್ಕೀನೇನ?"

"ಹಾಗಲ್ಲ ಅತ್ತಿ. ನೀವು ದಣಿದ್ರೇನೋ ಅಂತ."

ಅವ್ವ ನಿಂತುಬಿಟ್ಟಳು. ಉಡಿಯೊಳಗಿನ ಕೈ ಅಲ್ಲೇ ಉಳಿಯಿತು. ಬದುವಿನ ಮೇಲೆ ನೀರಿನ ಪೈಪು ಹಿಡಿದು ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಸೊಸೆಯ ಕಡೆ ತಿರುಗಿದಳು.

"ನಿಮ್ಮ ಮಾವ ಒಂದ ದಿನಾನೂ ಹೊಳ್ಳಿ ನೋಡಿದಾಂವಲ್ಲವ್ವಾ," ಎಂದಳು. "ಇಂವಾ ಹುಟ್ಟಿ ತಿಂಗಳಾಗಿದ್ದಿಲ್ಲ. ಹಸಿ ಮೈಲೆ ಕೂರಿಗಿ ಹಿಂದ ಬಿತ್ತಕೋತ ನಡದಿದ್ನಿ. ಎತ್ತುಗಳಾದ್ರೂ ನಿಂತು ನೋಡಿದ್ವು, ಅಂವಾ ನೋಡಲಿಲ್ಲ."

ಹೆಂಡತಿ ಬೇಗ ಮುಂದಕ್ಕೆ ತಿರುಗಿಕೊಂಡು ವೇಲ್‌ನ ತುದಿಯನ್ನು ಕಣ್ಣಿಗೆ ಒತ್ತಿದಳು. ಅವ್ವ ಮತ್ತೊಂದು ಹಿಡಿ ಕಾಳು ತೆಗೆದಳು.

"ನೀ ನೋಡವ್ವಾ," ಎಂದಳು. "ನೋಡಕೋತ ಹೊಡಿ."