ಬಾಡಿಗೆ ಗಾಳಿ

ನಮ್ಮ ಯಜಮಾನರು ಬಾವಿಗಿಳಿಯುತ್ತಿದ್ದರು. ಪಂಪಿನ ಪೈಪಿನ ತಳದಲ್ಲಿರುವ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡರೆ ನೀರು ಮೇಲೇರುವುದಿಲ್ಲ. ಮುಳುಗಿ ಅದನ್ನು ಬಿಡಿಸುವುದು ಅವರ ಕಸುಬು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಲ ಹಳ್ಳಿಗಳಿಂದ ಕರೆ ಬರುತ್ತಿತ್ತು. ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದಂಡೆಯ ಮೇಲೆ ನನ್ನ ಕೈಯಲ್ಲಿರುತ್ತಿತ್ತು.

ಹಗ್ಗ ಹಿಡಿಯುವುದಕ್ಕೊಂದು ಕ್ರಮವಿತ್ತು, ಮಾವನವರ ಕಾಲದಿಂದ ಬಂದದ್ದು. ಮುಳುಗಿದವರ ಜೊತೆಗೇ ಹಗ್ಗ ಹಿಡಿದವರೂ ಉಸಿರು ಕಟ್ಟಬೇಕು. ಮೇಲಿದ್ದವರಿಗೆ ಇನ್ನು ತಡೆಯಲಾಗದು ಎನ್ನಿಸಿದಾಗ ಎರಡು ಸಲ ಜಗ್ಗಬೇಕು. ಕೆಳಗಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಗಡಿಯಾರದ ಮೇಲೆ ಮಾವನವರಿಗೆ ನಂಬಿಕೆಯಿರಲಿಲ್ಲ. "ಗಡಿಯಾರಕ್ಕೆ ಎದೆ ಉರಿಯಲ್ಲ ಕಣವ್ವ" ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನ್ನ ಎದೆಯೇನೋ ಗಟ್ಟಿಯಾಗಿತ್ತು. ಕುರಿಗಳ ಹಿಂದೆ ಜೋಗಿಮಟ್ಟಿ ತಪ್ಪಲನ್ನು ಹತ್ತಿಳಿದು ಬೆಳೆದವಳು ನಾನು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಉಬ್ಬಸ ಶುರುವಾಯಿತು. ಒಲೆಯ ಹೊಗೆಯೋ, ಧೂಳೋ, ಕಾರಣ ಹುಡುಕಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಇಡೀ ದಿನ ದುಡಿದಷ್ಟು ದಣಿವು. ಹಗ್ಗವನ್ನು ಬೇಗ ಬೇಗ ಜಗ್ಗತೊಡಗಿದೆ. ಒಂದೇ ಸಲ ಮುಳುಗಿ ಮುಗಿಸುತ್ತಿದ್ದ ಕೆಲಸಕ್ಕೆ ಅವರು ಆರೇಳು ಸಲ ಮುಳುಗಬೇಕಾಯಿತು. "ಏನಪ್ಪ, ವಯಸ್ಸಾತಾ? ದಮ್ಮು ಖಾಲಿನಾ?" ಎಂದು ತೋಟದವರು ಆಡಿಕೊಂಡರು. ಯಜಮಾನರು ನಕ್ಕು ಮತ್ತೆ ಮುಳುಗಿದರು. ಖಾಲಿಯಾಗಿದ್ದು ಯಾರ ದಮ್ಮು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಹಗ್ಗ ಬೇರೆಯವರ ಕೈಗೆ ಹೋಗುತ್ತಿತ್ತು, ಅವರ ಜೀವವನ್ನು ಇನ್ನೊಬ್ಬರ ಕೈಯಲ್ಲಿಟ್ಟು ಮನೆಯಲ್ಲಿ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಕರೆಗಳು ಕಡಿಮೆಯಾದವು. ಆ ಮನುಷ್ಯನ ಹೆಸರು ಹಾಳಾಗುತ್ತಿತ್ತು, ಹಾಳು ಮಾಡುತ್ತಿದ್ದವಳು ನಾನು.

ಆಗ ಚಿತ್ರದುರ್ಗದ ವೆಲ್ಡಿಂಗ್ ಅಂಗಡಿಯವನೊಬ್ಬನ ಬಳಿ ನೀರಿನೊಳಗೆ ಉಸಿರಾಡುವ ಸೆಟ್ಟು ಇದೆಯೆಂದು ತಿಳಿಯಿತು. ಕರಾವಳಿಯ ಯಾವನೋ ಕಂಟ್ರಾಕ್ಟರು ಬಿಟ್ಟುಹೋದದ್ದಂತೆ. ಬೆನ್ನಿಗೆ ಸಿಲಿಂಡರು, ಬಾಯಿಗೆ ನಳಿಕೆ, ಕಣ್ಣು ಮೂಗಿಗೆ ಗಾಜಿನ ಮುಖವಾಡ. "ತಗಂಡ್ಬಿಡಾಣ" ಎಂದು ಹಟ ಹಿಡಿದವಳು ನಾನೇ. ಅದೊಂದು ಬಂದರೆ ನನ್ನ ಉಬ್ಬಸ ಯಾರ ಕೆಲಸಕ್ಕೂ ಅಡ್ಡ ಬರುವುದಿಲ್ಲವಲ್ಲ.

"ಬರ್ರಿ, ಕುಂತ್ಕಳ್ರಿ" ಎಂದು ಅಂಗಡಿಯವನು ಸ್ಟೂಲು ಎಳೆದ. ಕೊಳ್ಳಬಹುದು, ದಿನದ ಬಾಡಿಗೆಗೂ ಒಯ್ಯಬಹುದು ಎಂದ.

"ಕೊಂಡ್ರೆ ಗಾಳಿ ಎಲ್ಲಿ ತುಂಬ್ಸೋದು?" ಎಂದರು ಯಜಮಾನರು.

"ನಮ್ಮೂರ ಪಂಕ್ಚರ್ ಅಂಗಡಿ ಐತಲ್ಲ" ಎಂದೆ ನಾನು, ಎಲ್ಲ ಬಲ್ಲವಳ ಹಾಗೆ.

ಅವನು ಹಣೆ ಬಡಿದುಕೊಂಡ. "ಯಕ್ಕಾ, ಇದು ಲಾರಿ ಟೈರಲ್ಲ. ಆ ಗಾಳಿಯಾಗೆ ಎಣ್ಣೆ ಹೊಗೆ ಇರ್ತೈತೆ, ಕುಡುದ್ರೆ ಜೀವಾನೇ ಹೋಗ್ತೈತೆ. ಇದರ ಮಿಷನ್ನೇ ಬೇರೆ, ಬೆಂಗಳೂರಾಗೈತೆ. ನಾನೂ ಅಲ್ಲಿಂದ್ಲೇ ತುಂಬ್ಸಿ ತರೋದು."

ಕೊಂಡರೆ ಗಾಳಿಗಾಗಿ ಪ್ರತಿ ಸಲ ಬೆಂಗಳೂರಿನ ಬಸ್ಸು ಹತ್ತಬೇಕು. ಬಾಡಿಗೆಯಾದರೆ ಪ್ರತಿ ಸಲ ಇವನ ಬಾಗಿಲು ಕಾಯಬೇಕು. ಮನೆಯಲ್ಲಿ ಮೂರು ದಿನ ಇದೇ ಮಾತು. "ಗಾಳಿಗೂ ಬಾಡಿಗೆ ಕಟ್ಟೋ ಕಾಲ ಬಂತಲ್ಲೇ" ಎಂದು ಅತ್ತೆ ಗೊಣಗಿದರು. ಯಜಮಾನರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನನಗೆ ಸಾಕುಸಾಕಾಯಿತು. ಕೊನೆಗೆ ಒಂದು ದಿನದ ಬಾಡಿಗೆಗೆ ತಂದು ನೋಡುವುದು, ಸರಿಬಂದರೆ ಕೊಳ್ಳುವುದು ಎಂದಾಯಿತು.

ಬಬ್ಬೂರಿನ ಆಚೆ ಒಂದು ಬಾವಿ, ನಾಲ್ಕಾಳು ಆಳದ ನೀರು. ಸೆಟ್ಟಿನ ಜೊತೆ ಅಂಗಡಿಯವನೂ ಬಂದಿದ್ದ. ಮೆಟ್ಟಿಲ ಬಳಿ ಅರ್ಧ ದಿನ ಅಭ್ಯಾಸ ಮಾಡಿಸಿದ. "ಮುಕ್ಕಾಲು ಗಂಟೆ ಗಾಳಿ ಐತೆ. ಬರೋವಾಗ ಉಸಿರು ಬಿಡ್ತಾ ನಿಧಾನಕ್ಕೆ ಬರ್ರಿ. ಹಗ್ಗಗಿಗ್ಗ ಬ್ಯಾಡ" ಎಂದ. ಯಜಮಾನರು ಕೇಳಲಿಲ್ಲ. ಹಗ್ಗ ಕಟ್ಟಿಕೊಂಡು, ತುದಿಯನ್ನು ನನ್ನ ಕೈಗೆ ಕೊಟ್ಟು ಮುಳುಗಿದರು.

ಗುಳ್ಳೆಗಳು ಏಳುತ್ತಲೇ ಇದ್ದವು. ಅವರಿಗೆ ಗಾಳಿಯಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಆದರೂ ನನ್ನ ಉಸಿರು ತಾನಾಗಿ ಕಟ್ಟಿಕೊಂಡಿತು. ಬಿಟ್ಟೆ, ಮತ್ತೆ ಕಟ್ಟಿತು. ಇಪ್ಪತ್ತು ವರ್ಷದ ಅಭ್ಯಾಸ, ಹೇಳಿದ ತಕ್ಷಣ ಬಿಡುತ್ತದೆಯೇ? ಐದಾರು ಸಲ ಹೀಗಾದ ಮೇಲೆ ಎದೆ ಹಿಡಿದುಕೊಂಡಿತು, ಕಣ್ಣು ಕತ್ತಲಿಟ್ಟಿತು. ಕೈ ನನ್ನ ಮಾತು ಕೇಳಲಿಲ್ಲ. ಎರಡು ಸಲ ಜಗ್ಗಿದೆ.

ಅವರು ದಡಬಡನೆ ಮೇಲೆ ಬಂದರು. ಮುಖವಾಡದೊಳಗೆ ಮೂಗಿನಿಂದ ರಕ್ತ. ಫುಟ್‌ವಾಲ್ವು ಹೇಗಿತ್ತೋ ಹಾಗೇ ಇತ್ತು.

"ಏನ್ ಮನುಷ್ಯರ್ರೀ ನೀವು!" ಎಂದು ಅಂಗಡಿಯವನು ಕೂಗಾಡಿದ. "ಗಾಳಿ ಇನ್ನೂ ತುಂಬೈತೆ, ಯಾಕ್ರೀ ಬಂದ್ರಿ?"

ಯಜಮಾನರು ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಂಡರು. "ನಂದು ಐತಪ್ಪ" ಎಂದರು. "ಅವಳ್ದು ಮುಗುದಿತ್ತು."

ಗೊತ್ತಿತ್ತು ಆ ಮನುಷ್ಯನಿಗೆ. ಊರೂರಿನವರ ಮುಂದೆ ಮುದುಕ ಅನ್ನಿಸಿಕೊಂಡದ್ದು ಗೊತ್ತಿದ್ದೇ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಹಗ್ಗ ಬೇರೆಯವರ ಕೈಗೆ ಕೊಡ್ರಿ, ಸೆಟ್ಟು ತಗಳ್ರಿ" ಎಂದು ಅಳುತ್ತಲೇ ಬೈದೆ. ಅವರು ಸಿಲಿಂಡರು ಬಿಚ್ಚಿ ಅಂಗಡಿಯವನ ಮುಂದಿಟ್ಟರು.

ಸೆಟ್ಟು ಕೊಳ್ಳಲಿಲ್ಲ, ಮತ್ತೆ ಬಾಡಿಗೆಗೂ ತರಲಿಲ್ಲ. ಅಂದಿನಿಂದ ಯಾರು ಕರೆಯಲು ಬಂದರೂ ಅವರು ಮೊದಲು ಕೇಳುತ್ತಿದ್ದದ್ದು ನೀರೆಷ್ಟು ಆಳ ಎಂದು. ಎರಡಾಳಿಗಿಂತ ಹೆಚ್ಚೆಂದರೆ ಬರುವುದಿಲ್ಲವೆಂದು ಕಳಿಸಿಬಿಡುತ್ತಿದ್ದರು. ನನ್ನ ಉಸಿರು ಅಲ್ಲಿಯವರೆಗೆ ಸಾಲುತ್ತಿತ್ತು.